ಸೂಜಿಗೊಂದು ಹಾರೈಕೆ

ಬುರುಲ್ ಚಹಾಕ್ಕೆ ಹಾಲು ಬೆರೆಸುತ್ತಿದ್ದಾಗ ಕುಂದುಜ್ ತನ್ನ ಮಗಳನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಒಳಗೆ ಬಂದಳು. ಹನ್ನೊಂದು ವರ್ಷದ ಅಲ್ತಿನಾಯ್‌ಗೆ ನಿನ್ನೆಯಿಂದ ತೀರದ ದಾಹ, ನಿಲ್ಲದ ವಾಂತಿ. ನಾಡಿ ನೋಡಿ ಅಕ್ಕ ಎಂದಳು ತಾಯಿ.

ಜಿಲ್ಲಾಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ವೈದ್ಯೆಯಾಗಿದ್ದ ಬುರುಲ್, ಒಬ್ಬೊಬ್ಬರಿಗೆ ಐದು ನಿಮಿಷವನ್ನೂ ಕೊಡಲಾಗದೆ ಬೇಸತ್ತು ಕೆಲಸ ಬಿಟ್ಟು, ಅಜ್ಜಿಯ ನಾಡಿವಿದ್ಯೆ, ಬೇರು-ಸೊಪ್ಪು ಹಿಡಿದು ನಾಲ್ಕು ವರ್ಷವಾಗಿತ್ತು. ಜನ ಗುಣವಾಗುತ್ತಿದ್ದುದು ಸುಳ್ಳಲ್ಲ. ಅವಳು ಕಿವಿಗೊಟ್ಟು ಕೇಳುತ್ತಿದ್ದಳು, ಅದೇ ಅರ್ಧ ಮದ್ದು.

ಮಣಿಕಟ್ಟು ಹಿಡಿಯಲು ಬಗ್ಗಿದಾಗ ಹುಡುಗಿಯ ಉಸಿರಿನಲ್ಲಿ ಕೊಳೆತ ಸೇಬಿನ ವಾಸನೆ ಬಡಿಯಿತು. ಸಕ್ಕರೆ ಕಾಯಿಲೆ ಮಿತಿಮೀರಿದ ಗುರುತು ಅದು.

"ಇನ್ಸುಲಿನ್ ಕೊನೆಗೆ ಚುಚ್ಚಿದ್ದು ಯಾವಾಗ?"

"ನಿಲ್ಲಿಸಿ ಮೂರು ದಿನ ಆಯ್ತು. ಸೊಪ್ಪಿನ ಪೊಟ್ಟಣ ಕೊಟ್ಟು ಹಾರೈಸಿದ್ರಲ್ಲ, ಇನ್ನು ಸೂಜಿಯ ಹಂಗು ಈ ಮಗುವಿಗೆ ಬೇಡ ಅಂತ. ನಿಮ್ಮ ಮಾತನ್ನ ಹುಸಿ ಮಾಡೋದಾ? ಅದೂ ಡಾಕ್ಟರಾಗಿದ್ದೋರ ಮಾತು."

ಹಾರೈಸಿದ್ದು ನಿಜ. ಎದ್ದು ಹೊರಟವರಿಗೆ ಅಂಗೈ ಬಿಚ್ಚಿ ನಾಲ್ಕು ಒಳ್ಳೆಯ ಮಾತು ಹೇಳಿ ಮುಖ ಸವರಿಕೊಳ್ಳದೆ ಯಾವ ಕಿರ್ಗಿಜ್ ಹಿರಿಯಳೂ ಕಳಿಸುವುದಿಲ್ಲ. ಕೇಳಿದವರೂ ಮುಖ ಸವರಿಕೊಂಡರೆ ಹಾರೈಕೆಯನ್ನು ಸ್ವೀಕರಿಸಿದಂತೆ, ಆಮೇಲೆ ಅದನ್ನು ನಂಬದಿರುವುದೇ ಪಾಪ. ಇಷ್ಟು ಗೊತ್ತಿದ್ದವಳೇ ನಾಲಿಗೆ ಹಿಡಿಯಲಿಲ್ಲ.

ಪಕ್ಕದ ಮನೆಯ ಕಾರಿನಲ್ಲಿ ಜಿಲ್ಲಾಸ್ಪತ್ರೆಗೆ ನಲವತ್ತು ನಿಮಿಷದ ದಾರಿ. ಬುರುಲ್ ನಾಡಿ ಬಿಟ್ಟು ಉಸಿರು ಎಣಿಸಿದಳು. ಎರಡು ಸಲ ಹುಡುಗಿಯ ಕೆನ್ನೆ ತಟ್ಟಿ ಎಬ್ಬಿಸಿದಳು, ಮೂರನೆಯ ಸಲ ಅವಳು ಕಣ್ಣು ತೆರೆಯಲಿಲ್ಲ. ಡ್ರೈವರಿಗೆ ಬೇಗ, ಬೇಗ ಎನ್ನುತ್ತಲೇ ಇದ್ದಳು.

ಆಸ್ಪತ್ರೆಯಲ್ಲಿದ್ದವನು ಅವಳ ಕೈಕೆಳಗೆ ಕಲಿತ ವೈದ್ಯ ತಿಲೆಕ್. ಸಲೈನು, ಇನ್ಸುಲಿನ್ ಹಚ್ಚಿದ ಮೇಲಷ್ಟೇ ಅವಳತ್ತ ತಿರುಗಿದ.

"ನೀವು ಕಲಿಸಿದ್ದನ್ನ ನಾನು ಮರೆತಿಲ್ಲ, ಅಕ್ಕ. ನೀವು?"

ಅವಳು ಹುಡುಗಿಯ ಮಂಚದ ಪಕ್ಕ ಕುಳಿತು ಮತ್ತೆ ಉಸಿರು ಎಣಿಸತೊಡಗಿದಳು. ನಾಚಿಕೆಗಿಂತ ಭಯವೇ ದೊಡ್ಡದಾಗಿತ್ತು.

ಮೂರನೆಯ ದಿನ ಅಲ್ತಿನಾಯ್ ಎದ್ದು ಕುಳಿತು ರೊಟ್ಟಿ ಕೇಳಿದಳು. ತಿಲೆಕ್ ಸೂಜಿ ತಂದರೆ ಕುಂದುಜ್ ಅಡ್ಡ ನಿಂತಳು. ಎಚ್ಚರ ತಪ್ಪಿದ್ದಾಗ ಆದದ್ದು ಆಯಿತು, ತಿಳಿದೂ ತಿಳಿದೂ ಹಾರೈಕೆ ಮುರಿದರೆ ಮಗುವಿಗೆ ಇನ್ನೇನು ಕಾದಿದೆಯೋ ಎಂದು ನಡುಗಿದಳು. ತಿಲೆಕ್ ಸಕ್ಕರೆ ಕಾಯಿಲೆಯ ಕಥೆಯನ್ನೆಲ್ಲ ಹೇಳಿದ. ಗೋಡೆಗೆ ಹೇಳಿದಂತಾಯಿತು.

ಬುರುಲ್ ಅವನಿಂದ ಸೂಜಿ ತೆಗೆದುಕೊಂಡು ಬಿಚ್ಚಿದ ಅಂಗೈಗಳ ಮೇಲಿಟ್ಟುಕೊಂಡಳು.

"ಅವತ್ತು ನಾನು ಆಡಿದ್ದು ತಪ್ಪು, ಕುಂದುಜ್. ಆ ಮಾತು ವಾಪಸ್ ತಗೊಂಡೆ." ಅವಳು ಹುಡುಗಿಯತ್ತ ತಿರುಗಿದಳು. "ಈ ಸೂಜಿ ನಿನಗೆ ಒಂದು ದಿನವೂ ತಪ್ಪದೇ ಇರಲಿ, ಮಗಳೇ. ಮೊಮ್ಮಕ್ಕಳ ಮದುವೇಲೂ ಚುಚ್ಚಿಕೊಂಡೇ ಕುಣಿ."

ಕುಂದುಜ್ ಎರಡೂ ಕೈಗಳಿಂದ ಮುಖ ಸವರಿಕೊಂಡಳು. ತಿಲೆಕ್‌ನ ಕೈಗಳೂ ಮುಖಕ್ಕೆ ಹೋದವು. ಆಮೇಲೆ ತಾಯಿಯೇ ಮಗಳ ಅಂಗಿಯ ತೋಳು ಮೇಲಕ್ಕೆ ಸರಿಸಿ ಹಿಡಿದಳು.