ಕಾರ್ಬನ್ ದೋಟಿ, ಕರೆಂಟಿನ ತಂತಿ

ಅರಂತೋಡಿನ ದೇರಣ್ಣನ ಮನೆಯಲ್ಲಿ ಸೋಲಾರ್ ಇದ್ದೂ ಇಲ್ಲದಂತಾಗಿತ್ತು. ರಸ್ತೆಯ ಧೂಳು, ಹಕ್ಕಿಗಳ ಹಿಕ್ಕೆ ಸೇರಿ ಪ್ಯಾನೆಲುಗಳು ಮಂಕಾಗಿದ್ದವು. ತೊಳೆಯದೆ ಗತಿ ಇರಲಿಲ್ಲ. ಆದರೆ ಪಾಚಿ ಹಿಡಿದ ಹಂಚಿನ ಮಾಡು ಹತ್ತಲು ಹೆಂಡತಿ ಕಮಲಾವತಿ ಬಿಡಬೇಕಲ್ಲ!

"ಜಾರಿ ಬಿದ್ರೆ ಸೊಂಟ ಹೋಗ್ತದೆ. ಕೆಳಗೆ ನಿಂತೇ ಎಂತಾದ್ರೂ ಮಾಡ್ಲಿಕ್ಕಾಗ್ತದಾ ನೋಡಿ," ಎಂದಳು.

ದೇರಣ್ಣ ಅಡಿಕೆ ಕೊಯ್ಯುವ ಉದ್ದದ ಕಾರ್ಬನ್ ಫೈಬರ್ ದೋಟಿಯ ತುದಿಗೆ ಬ್ರಷ್ ಕಟ್ಟಿದ, ನೀರಿನ ಪೈಪು ಸಿಕ್ಕಿಸಿದ. ಗಂಡ ತನ್ನ ಮಾತು ಕೇಳಿದನಲ್ಲ ಎಂದು ಕಮಲಾವತಿಗೆ ಸಮಾಧಾನ. ತಾನೇ ಹೋಗಿ ನಲ್ಲಿ ತಿರುಗಿಸಿದಳು.

ಅಷ್ಟರಲ್ಲಿ ಪ್ಯಾನೆಲ್ ಕೂರಿಸಿದ್ದ ದರ್ಬೆಯ ಮಶೂದ್ ಅಂಗಳಕ್ಕೆ ಬಂದ. ಬಂದವನೇ, "ದೇರಣ್ಣ, ಅದನ್ನು ಎತ್ತಬೇಡಿ," ಎಂದ.

"ಎಂತಕ್ಕೆ ಮಾರಾಯ? ಇದು ಅಲ್ಯೂಮಿನಿಯಂ ಅಲ್ಲ, ಫೈಬರ್. ಕರೆಂಟ್ ಹಿಡಿಯುದಿಲ್ಲ."

ಮಶೂದ್ ಮಾಡಿನ ಮೂಲೆಗೆ ಕೈ ತೋರಿಸಿದ. ಕರೆಂಟಿನ ತಂತಿ ಅಲ್ಲಿಂದ ಎರಡೇ ಮಾರು ದೂರದಲ್ಲಿತ್ತು.

"ನನ್ನ ಅಣ್ಣ ಶಾನವಾಝ್ ಸಹ ಹೀಗೇ ಹೇಳಿದ್ದು. ಕಾರ್ಬನ್ನಿನಲ್ಲಿ ಕರೆಂಟ್ ಹಾಯ್ತದೆ ದೇರಣ್ಣ. ದೋಟಿ ತಂತಿಗೆ ತಾಗಿದ್ದು ಒಂದೇ ಸಲ, ಅಲ್ಲೇ ಜೀವ ಹೋಯ್ತು. ಅವನ ಚಹಾ ಮುಚ್ಚಿಟ್ಟು ಹೆತ್ತ ಉಮ್ಮ ಒಳಗೆ ಕಾಯ್ತಾ ಇದ್ರು."

ಕಮಲಾವತಿ ಓಡಿ ಹೋಗಿ ನಲ್ಲಿ ನಿಲ್ಲಿಸಿದಳು. ಮಾಡಿನಿಂದ ಉಳಿಸಲು ಹೋಗಿ ಗಂಡನನ್ನು ತಾನೇ ತಂತಿಯ ಬಾಯಿಗೆ ಕೊಡುತ್ತಿದ್ದೆ ಎಂದು ಅವಳ ಜೀವ ಹಾರಿಹೋದಂತಾಯಿತು.

"ಹಾಗಾದ್ರೆ ತೊಳೆಯುದೇ ಬೇಡವಾ?" ಎಂದು ಮೆಲ್ಲಗೆ ಕೇಳಿದಳು.

"ತೊಳೆಯಬೇಕು ಅಕ್ಕ. ಇದಕ್ಕೇ ಅಂತ ಕರೆಂಟ್ ಹಾಯದ ಗ್ಲಾಸ್ ಫೈಬರಿನ ಕೋಲು ಉಂಟು. ಬೇಕಾದಷ್ಟು ಉದ್ದ ಎಳೆಯಬಹುದು, ನೀರು ತುದಿಯ ಬ್ರಷ್ಷಿಗೇ ಬರ್ತದೆ. ಆದ್ರೆ ಅದನ್ನು ಸಹ ತಂತಿಯ ಹತ್ತಿರ ಒಯ್ಯಬಾರದು. ನೀರಿನಲ್ಲಿಯೂ ಕರೆಂಟ್ ಹಾಯ್ತದೆ. ಆ ಮೂಲೆ ತೊಳೆಯುದಾದ್ರೆ ಲೈನ್‌ಮ್ಯಾನಿಗೆ ಹೇಳಿ, ಲೈನ್ ಆಫ್ ಮಾಡಿಸಿಯೇ ಕೈ ಹಾಕುದು. ಸೋಲಾರಿನ ಸ್ವಿಚ್ ಸಹ ಆಫ್ ಇರಲಿ. ಬೆಳಿಗ್ಗೆ ಪ್ಯಾನೆಲ್ ತಣ್ಣಗಿರುವಾಗ ಬರೀ ನೀರು ಸಾಕು."

"ಇಷ್ಟು ವರ್ಷ ದೋಟಿ ಹಿಡಿದೆ. ಇದೊಂದು ಗೊತ್ತಿರ್ಲಿಲ್ಲ," ಎಂದ ದೇರಣ್ಣ. ಬ್ರಷ್ ಬಿಚ್ಚಿ, ದೋಟಿಯನ್ನು ಗೋಡೆಯ ಬದಿಗೆ ಮಲಗಿಸಿದ.

ಕಮಲಾವತಿ ಚಹಾ ತಂದಳು. ಮಶೂದ್ ಲೋಟವನ್ನು ತುಸು ಹೊತ್ತು ನೋಡಿ, ಆಮೇಲೆ ಕುಡಿದ.

ನಿಮ್ಮ ಮನೆಯ ದೋಟಿಯೂ ಕಾರ್ಬನ್ನಿನದ್ದೇ ಇರಬಹುದು, ಮಾರಾಯ್ರೆ. ದೋಟಿ ಎತ್ತುವ ಮೊದಲು ತಲೆ ಎತ್ತಿ ನೋಡಿ. ತಂತಿ ಕಂಡರೆ ದೋಟಿ ಮಲಗಿಯೇ ಇರಲಿ. ಒಳಗೆ ನಿಮ್ಮ ಪಾಲಿನ ಚಹಾ ಆರದಿರಲಿ.