ನಲವತ್ತು ಮೂಲೆಗಳ ಮಾರ್ಕೆಟ್ಟು

ಹಲಸೂರಿನಲ್ಲಿ ಅಂಜನಮೂರ್ತಿಯಷ್ಟು ನೇರವಾಗಿ ಗೆರೆ ಎಳೆಯುವವನು ಇನ್ನೊಬ್ಬನಿರಲಿಲ್ಲ. ಆದರೆ ಪಾಪ, ಎಂಟು ವರ್ಷದಿಂದ ಅವನು ಎಳೆದದ್ದೆಲ್ಲ ಬೇರೆಯವರ ಗೆರೆಗಳೇ. ದಂಡಿನ ಇಂಜಿನಿಯರ್ ಕಚೇರಿಯಲ್ಲಿ ಅವನು ಟ್ರೇಸರ್. ದೊಡ್ಡವರು ಬರೆದ ನಕ್ಷೆಯ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ, ಇಂಕಿನಲ್ಲಿ ಹಾಗೆಯೇ ತೆಗೆದು, ಕೆಳಗೆ ‘ಟ್ರೇಸ್ ಮಾಡಿದವರು’ ಎಂಬಲ್ಲಿ ಹೆಸರು ಹಾಕುವುದು ಅವನ ಕೆಲಸ. ಅದರ ಮೇಲಿನ ಸಾಲು ‘ಬರೆದವರು’. ಆ ಖಾಲಿ ಜಾಗದ ಮೇಲೆ ಅವನಿಗೆ ಎಷ್ಟು ಆಸೆಯಿತ್ತೆಂದರೆ, ಒಮ್ಮೊಮ್ಮೆ ರದ್ದಿ ಕಾಗದದಲ್ಲಿ ಅಲ್ಲಿ ತನ್ನ ಹೆಸರು ಬರೆದು ನೋಡಿ, ಯಾರಾದರೂ ಕಂಡಾರೆಂದು ಹರಿದು ಬಿಸಾಡುತ್ತಿದ್ದ.

ಯುದ್ಧ ಮುಗಿದು ಒಂದು ವರ್ಷವಾಗಿತ್ತು. ಕೆರೆಯ ಹತ್ತಿರದ ಬಯಲಿನಿಂದ ಸೋಲ್ಜರುಗಳ ಡೇರೆಗಳು ತೆರವಾಗಿದ್ದವು. ಆ ಜಾಗದಲ್ಲಿ ಒಂದು ಚೌಕ, ಚೌಕದ ಸುತ್ತ ಮಾರ್ಕೆಟ್ಟು, ನಡುವೆ ಕಾರಂಜಿ ಕಟ್ಟಿಸಬೇಕೆಂದು ಮೇಲಿನವರು ತೀರ್ಮಾನ ಮಾಡಿದರು. ಬೀದಿಬದಿಯಲ್ಲಿ ಸೊಪ್ಪು ತರಕಾರಿ ಮಾರುವ ನಲವತ್ತು ಹೆಂಗಸರಿಗೆ ಅಲ್ಲಿ ಕಟ್ಟೆ ಸಿಗಬೇಕು. ಇಂಜಿನಿಯರ್ ಬಷೀರ್ ಸಾಹೇಬರು ಅಂಜನಮೂರ್ತಿಯನ್ನು ಕರೆದರು.

“ಈ ಸಲ ನೀನೇ ಬರಿ ಮೂರ್ತಿ. ಸರಿ ಹೋದ್ರೆ ನೀನು ಡ್ರಾಫ್ಟ್ಸ್‌ಮನ್. ಇಲ್ಲಾಂದ್ರೆ ನಿನ್ನ ಟ್ರೇಸಿಂಗ್ ಬಟ್ಟೆ ನಿಂಗೆ. ಏನ್ ಹೇಳ್ತೀಯ?”

ಹೇಳುವುದೇನು! ಮೂರು ವಾರ ಅವನಿಗೆ ಊಟ ರುಚಿಸಲಿಲ್ಲ. ನಾಲ್ಕು ಸಾಲು, ಸಾಲಿಗೆ ಹತ್ತು ಕಟ್ಟೆ, ಎಲ್ಲವೂ ದಾರ ಹಿಡಿದಂತೆ ನೇರ. ಯಾರಿಗೂ ಮೋಸವಾಗಬಾರದೆಂದು ನಲವತ್ತು ಹೆಸರನ್ನೂ ಅಕ್ಷರಗಳ ಕ್ರಮದಲ್ಲಿ ಬರೆದು ಹಂಚಿದ. ಶನಿವಾರ ಬೆಳಿಗ್ಗೆ ಎಂಟಕ್ಕೆ ಸಾಹೇಬರು ಬಂದು ನೋಡುವುದೆಂದಾಯಿತು. ಹಿಂದಿನ ಸಂಜೆ ಆಳುಗಳನ್ನು ಕಟ್ಟಿಕೊಂಡು ಬಯಲಿನಲ್ಲಿ ಸುಣ್ಣದ ಪುಡಿಯಿಂದ ಇಡೀ ನಕ್ಷೆಯನ್ನು ಅಳತೆ ತಪ್ಪದಂತೆ ಬಿಡಿಸಿ ಮನೆಗೆ ಬಂದ.

ಅಲ್ಲಿಗೆ ಸುಮ್ಮನಿದ್ದರೆ ಸರಿಹೋಗುತ್ತಿತ್ತು. ಆದರೆ ಸಂತೋಷ ತಡೆಯಬೇಕಲ್ಲ! ಮುದ್ದೆ ಮುರಿಯುತ್ತಾ ತಾಯಿಯ ಮುಂದೆ ಬಾಯಿ ಬಿಟ್ಟ. ತಾಯಿ ಮುನಿಶಾಮಮ್ಮ ಮೂವತ್ತು ವರ್ಷದಿಂದ ದೇವಸ್ಥಾನದ ಬೀದಿಯಲ್ಲಿ ಸೊಪ್ಪು ಮಾರುವವಳು.

“ಅಮ್ಮಾ, ನಿಂಗೂ ಕಟ್ಟೆ ಐತೆ. ಮೂರನೇ ಸಾಲು, ಐದನೇದು.”

“ಮಧ್ಯದಲ್ಲಾ?” ಮುನಿಶಾಮಮ್ಮನ ಕೈಯಲ್ಲಿದ್ದ ಸೌಟು ನಿಂತಿತು. “ಮೂಲೆ ಯಾರಿಗೆ?”

“ಮೊದಲನೇ ಮೂಲೆ ಆದಿಲಕ್ಷ್ಮಮ್ಮಂಗೆ. ಅಕ್ಷರದ ಪ್ರಕಾರ ಬಂದಿದ್ದು, ನಾನೇನ್ ಮಾಡ್ಲಿ?”

ಆದಿಲಕ್ಷ್ಮಮ್ಮನೆಂದರೆ ಮುನಿಶಾಮಮ್ಮನ ಎದುರು ಬುಟ್ಟಿ. ಇಬ್ಬರೂ ಜಗಳವಾಡದ ದಿನ ಬೀದಿಯವರು ಯಾರಿಗಾದರೂ ಮೈಗೆ ಹುಷಾರಿಲ್ಲವೇನೋ ಎಂದುಕೊಳ್ಳುತ್ತಿದ್ದರು. ಮುನಿಶಾಮಮ್ಮ ಸೌಟು ಇಟ್ಟವಳೇ ಸೆರಗು ಸಿಕ್ಕಿಸಿಕೊಂಡು, ಮೂಲೆಯ ಅನ್ಯಾಯವನ್ನು ಕಂಡವರಿಗೆಲ್ಲ ಹೇಳಲು ಬೀದಿಗೆ ಹೋದಳು. ಮಗ ಎರಡನೇ ಮುದ್ದೆ ತಾನೇ ಹಾಕಿಕೊಂಡು ತಿಂದ.

ಬೆಳಿಗ್ಗೆ ಏಳೂವರೆಗೆ ಇಸ್ತ್ರಿ ಕೋಟು ಹಾಕಿಕೊಂಡು ಬಯಲಿಗೆ ಬಂದವನು ಹಾಗೆಯೇ ನಿಂತುಬಿಟ್ಟ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ಇಲ್ಲಿ ಆ ಕುಲಾವಿಗೇ ಬಡಿದಾಟ ಶುರುವಾಗಿತ್ತು. ಇಟ್ಟಿಗೆಯಿಲ್ಲ, ಗೋಡೆಯಿಲ್ಲ, ಸೂರಿಲ್ಲ. ಬರೀ ಸುಣ್ಣದ ಗೆರೆ. ಅದರಲ್ಲಿ ನಲವತ್ತು ಜನ ಹೆಂಗಸರೂ ಬುಟ್ಟಿ ಇಳಿಸಿ ಕೂತಿದ್ದಾರೆ! ಕೂತರೆ ಕೂರಲಿ, ತಂತಮ್ಮ ಜಾಗದಲ್ಲಾದರೂ ಕೂತರೇ? ನಾಲ್ಕು ಸಾಲಿಗೆ ಎಂಟು ತುದಿ. ಎಂಟು ತುದಿಯಲ್ಲಿ ಐದೈದು ಜನ ಒಬ್ಬರ ಮೇಲೊಬ್ಬರು ಬಿದ್ದುಕೊಂಡು, ನಡುವೆಲ್ಲ ಖಾಲಿ.

“ನಾನು ಕೋಳಿ ಕೂಗೋಕ್ ಮುಂಚೆ ಬಂದಿದ್ದೀನಿ ಕಣೇ!”

“ನೀನು ಬಂದಾಗ ನನ್ನ ಬುಟ್ಟಿ ಇಲ್ಲೇ ಇತ್ತಲ್ಲೇ, ಕಣ್ಣು ಕಾಣ್ಲಿಲ್ವಾ?”

ಮೊದಲನೆಯದು ಮುನಿಶಾಮಮ್ಮ, ಎರಡನೆಯದು ಆದಿಲಕ್ಷ್ಮಮ್ಮ. ಅಂಜನಮೂರ್ತಿ ಕೈಮುಗಿದ. “ಅಮ್ಮಾ, ನಿನ್ನ ದಮ್ಮಯ್ಯ, ಎದ್ದೇಳಿ ಎಲ್ಲಾರೂ. ಸಾಹೇಬರು ಬರ್ತಾರೆ. ನನ್ನ ಕೆಲಸ ಹೋಗ್ತದೆ.”

“ನೀನು ಸುಮ್ನಿರೋ. ಗೆರೆ ಎಳೆಯೋದು ನಿನ್ ಕೆಲಸ, ಕೂತ್ಕೊಳೋದು ನಮ್ ಕೆಲಸ.”

ಅಷ್ಟರಲ್ಲಿ ಬಷೀರ್ ಸಾಹೇಬರ ಸೈಕಲ್ ಗಂಟೆ ಕೇಳಿಸಿತು. ಅಯ್ಯೋ, ಎಂಟು ವರ್ಷ ಕಾದ ಕೆಲಸ ಎಂಟು ಗಂಟೆಗೆ ಮುಂಚೆಯೇ ಹೋಯಿತಲ್ಲ ಎಂದು ಅವನಿಗೆ ಅಳುವೇ ಬಂತು.

ಸಾಹೇಬರು ಸೈಕಲ್ ನಿಲ್ಲಿಸಿ ಒಂದು ಸುತ್ತು ಹಾಕಿದರು. “ಅರೆ ಮೂರ್ತಿ! ಕಟ್ಟೋಕೆ ಮುಂಚೆನೇ ಮಾರ್ಕೆಟ್ ಬಾಗ್ಲು ತೆಗೆದ್ಬಿಟ್ಯಾ?” ಅಂದರು. ಆಮೇಲೆ ಖಾಲಿ ಬಿದ್ದ ನಡುವಿನ ಗೆರೆಗಳನ್ನು ನೋಡಿ ಅವರ ನಗು ನಿಂತಿತು. “ಇಷ್ಟೊಂದು ಜಾಗ ಬಿಟ್ಟು ಅಲ್ಲ್ಯಾಕೆ ಗುಂಪು? ಕಟ್ಟಿದ್ ಮೇಲೂ ಹಿಂಗೇ ಆದ್ರೆ ಈ ನಕ್ಷೆ ಇಟ್ಕೊಂಡು ನಾನೇನ್ ಮಾಡ್ಲಿ?”

ಉತ್ತರ ಕೊಟ್ಟವಳು ಮುನಿಶಾಮಮ್ಮ.

“ನೇರ ಹೋಗೋನು ನೇರ ಹೋಗ್ಬಿಡ್ತಾನೆ ಸ್ವಾಮಿ, ಅಕ್ಕಪಕ್ಕ ನೋಡಲ್ಲ. ಮೂಲೇಲಿ ತಿರುಗ್ಬೇಕು. ತಿರುಗ್ಬೇಕಾದ್ರೆ ನಿಧಾನ ಮಾಡ್ತಾನೆ. ನಿಧಾನ ಮಾಡ್ದೋನು ಸೊಪ್ಪು ನೋಡ್ತಾನೆ. ನೋಡ್ದೋನ್ನ ಬಿಟ್ ಕಳ್ಸೋಕೆ ನಾನೇನು ಪೆದ್ದೀನಾ?”

“ಅದೊಂದು ಮಾತು ಸರಿಯಾಗ್ ಹೇಳಿದ್ಳು,” ಎಂದಳು ಆದಿಲಕ್ಷ್ಮಮ್ಮ. ಮೂವತ್ತು ವರ್ಷದಲ್ಲಿ ಅವಳು ಇವಳ ಮಾತನ್ನು ಒಪ್ಪಿದ್ದು ಅದೇ ಮೊದಲಿರಬೇಕು.

ಸಾಹೇಬರು ಗಡ್ಡ ಕೆರೆದುಕೊಂಡರು. “ಮಾತು ಸರಿ ಅಮ್ಮ. ಆದ್ರೆ ನಲವತ್ತು ಮೂಲೆ ಎಲ್ಲಿಂದ ತರ್ಲಿ? ಏನ್ ಮೂರ್ತಿ?”

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ. ಮೂರು ವಾರ ಮಾರ್ಕೆಟ್ಟಿನ ನಕ್ಷೆ ಬರೆದವನು, ಮನೆಯಲ್ಲೇ ಇದ್ದ ಮಾರುವವಳನ್ನು ಒಂದು ಮಾತು ಕೇಳಿರಲಿಲ್ಲ. ಅಂಜನಮೂರ್ತಿಗೆ ನಾಚಿಕೆಯಾಯಿತು. ತಲೆ ತಗ್ಗಿಸಿದ. ತಗ್ಗಿಸಿದ ಕಣ್ಣಿಗೆ ತಾಯಿಯ ಬುಟ್ಟಿ ಬಿತ್ತು. ಅವಳು ಸೊಪ್ಪಿನ ಕಟ್ಟುಗಳನ್ನು ಸಮಸಮ ಜೋಡಿಸಿರಲಿಲ್ಲ. ಒಂದಕ್ಕಿಂತ ಇನ್ನೊಂದನ್ನು ನಾಲ್ಕು ಬೆರಳು ಹಿಂದಕ್ಕೆ ಜರುಗಿಸಿ, ಅದಕ್ಕಿಂತ ಮತ್ತೊಂದನ್ನು ಇನ್ನೂ ನಾಲ್ಕು ಬೆರಳು ಹಿಂದಕ್ಕೆ ಇಟ್ಟಿದ್ದಳು. ದಂಟು, ಮೆಂತ್ಯ, ಸಬ್ಬಸಿಗೆ, ಪ್ರತಿಯೊಂದು ಕಟ್ಟಿನ ಒಂದು ಪಕ್ಕ ಹೊರಗೆ ಕಾಣುತ್ತಿತ್ತು. ದಿನಾ ಬೆಳಿಗ್ಗೆ ಅವಳು ಹಾಗೆ ಜೋಡಿಸುವುದನ್ನು ಅವನು ಹುಟ್ಟಿದಾಗಿನಿಂದ ನೋಡಿದ್ದ.

“ಒಂದ್ನಿಮಿಷ ಸಾರ್!”

ಸುಣ್ಣದ ಬಾಂಡಲಿ ಎತ್ತಿಕೊಂಡವನೇ ಓಡಿದ. ಇಸ್ತ್ರಿ ಕೋಟಿನ ಮೇಲೆ ಸುಣ್ಣ ಬಿದ್ದರೂ ನೋಡಲಿಲ್ಲ. ಹಳೆಯ ಸಾಲನ್ನು ಕಾಲಿನಿಂದ ಅಳಿಸಿ, ಒಂದು ಕಟ್ಟೆಗಿಂತ ಅದರ ಪಕ್ಕದ್ದನ್ನು ಒಂದು ಗಜ ಹಿಂದೆ, ಅದಕ್ಕಿಂತ ಆಚೆಯದನ್ನು ಮತ್ತೊಂದು ಗಜ ಹಿಂದೆ ಬಿಡಿಸಿದ. ಮೆಟ್ಟಿಲನ್ನು ನೆಲಕ್ಕೆ ಮಲಗಿಸಿದಂತಾಯಿತು. ಹತ್ತು ಕಟ್ಟೆಗೂ ಮುಂದೊಂದು ಮುಖ, ಪಕ್ಕಕ್ಕೊಂದು ಮುಖ. ಹತ್ತು ಕಟ್ಟೆಗೂ ಒಂದೊಂದು ಮೂಲೆ.

“ಬನ್ನಿ, ಕೂತು ನೋಡಿ,” ಎಂದು ಏದುಸಿರು ಬಿಡುತ್ತಾ ಕರೆದ.

ಹತ್ತು ಜನ ಅನುಮಾನದಿಂದಲೇ ಎದ್ದು ಬಂದು ಕೂತರು. ಸಾಹೇಬರು ಆ ಸಾಲಿನ ಉದ್ದಕ್ಕೂ ನಡೆದರು. ಪ್ರತಿ ಹೆಜ್ಜೆಗೂ ಒಂದು ತಿರುವು, ಪ್ರತಿ ತಿರುವಿಗೂ ಒಂದು “ಬನ್ನಿ ಸ್ವಾಮಿ, ಎಳೇ ಸೊಪ್ಪು!” ಆ ಕೊನೆ ಮುಟ್ಟುವಷ್ಟರಲ್ಲಿ ಅವರ ಕಂಕುಳಲ್ಲಿ ಎರಡು ಕಟ್ಟು ಮೆಂತ್ಯ, ಕೈಯಲ್ಲಿ ಒಂದು ಸೋರೆಕಾಯಿ ಇತ್ತು. ಹೆಂಗಸರು ಹೋ ಎಂದು ನಕ್ಕರು. ಸಾಹೇಬರು ಸೋರೆಕಾಯಿಯನ್ನು ಎತ್ತಿ ನೋಡಿ, “ಮನೇಲಿ ಇದನ್ನ ಯಾರೂ ತಿನ್ನಲ್ಲ ಕಣಯ್ಯ!” ಎಂದು ತಾವೂ ನಕ್ಕರು.

“ನಲವತ್ತಕ್ಕೂ ಹಿಂಗೇ ಬರ್ದು ಸೋಮವಾರ ತಾ,” ಎಂದು ಸೈಕಲ್ ಹತ್ತಿದವರು ತಿರುಗಿ ನೋಡಿದರು. “ಬರಿಯೋದಷ್ಟೇ. ಟ್ರೇಸ್ ಮಾಡೋಕೆ ಬೇರೆ ಯಾರಿಗಾದ್ರೂ ಕೊಡು. ಇನ್ಮೇಲೆ ಅದು ನಿನ್ ಕೆಲ್ಸ ಅಲ್ಲ.”

ಅಂಜನಮೂರ್ತಿಗೆ ಆ ಮಾತು ಅರ್ಥವಾಗುವಷ್ಟರಲ್ಲಿ ಸೈಕಲ್ ರಸ್ತೆ ಸೇರಿತ್ತು. ಅರ್ಥವಾದಾಗ ಅವನು ಸುಣ್ಣದ ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಬೆಳ್ಳಗೆ ಮಾಡಿಕೊಂಡ. ಮುನಿಶಾಮಮ್ಮ ಸೆರಗಿನಿಂದ ಒರೆಸಿದಳು.

ಭಾನುವಾರ ಮನೆಯಲ್ಲಿ ಹೊಸ ನಕ್ಷೆ ಹರಡಿ ಕೂತಾಗ ಅವನು ಅಕ್ಷರದ ಪಟ್ಟಿಯನ್ನು ಪಕ್ಕಕ್ಕೆ ಸರಿಸಿ ಕೇಳಿದ.

“ಅಮ್ಮಾ, ಎಲ್ಲಾ ಮೂಲೇನೇ. ನೀನೆಲ್ಲಿ ಕೂತ್ಕೋತೀಯ, ನೀನೇ ಹೇಳು.”

ಮುನಿಶಾಮಮ್ಮ ಬಹಳ ಹೊತ್ತು ಬಗ್ಗಿ ನೋಡಿದಳು.

“ಆದಿಲಕ್ಷ್ಮಿದು ಎಲ್ಲೈತೆ?”

ಅವನು ತೋರಿಸಿದ. ಅವಳು ಸೊಪ್ಪಿನ ಬಣ್ಣ ಹತ್ತಿದ ಬೆರಳನ್ನು ಅದರ ಪಕ್ಕದ ಕಟ್ಟೆಯ ಮೇಲೆ ಊರಿದಳು.

“ಇಲ್ಲಿ ಹಾಕು. ದೂರ ಕೂತ್ರೆ ಕೂಗಿ ಕೂಗಿ ಜಗಳ ಆಡ್ಬೇಕು, ವಯಸ್ಸಾಯ್ತು, ಗಂಟ್ಲು ಬರಲ್ಲ.”