ಏರಿನಲ್ಲಿ ಇಳಿಯುವ ಮುಳ್ಳು

“ನಿಮ್ಮ ಮಗ ಹಾಕಿದ ಪಂಪು ನಾಲ್ಕು ತಿಂಗಳೂ ಬಾಳಲಿಲ್ಲ ನೋಡಿ,” ಎಂದು ಮೇಷ್ಟ್ರು ಗ್ಯಾರೇಜಿನ ಮುಂದೆ ಕಾರಿನಿಂದ ಇಳಿಯುತ್ತಲೇ ಅಂದುಬಿಟ್ಟರು. ಅಂದ ಮೇಲೆ ನೆಲ ನೋಡಿದರು. ಮಗ ತೀರಿಕೊಂಡು ಮೂರು ತಿಂಗಳಾಗಿತ್ತು. ಪೆಟ್ರೋಲನ್ನು ಎಂಜಿನ್ನಿಗೆ ತಳ್ಳುವ ಆ ಪಂಪು ಅವನ ಕೈಯ ಕೊನೆಯ ಕೆಲಸ.

ಮುದುಕ ತಂದೆ ಬಾನೆಟ್ಟು ಎತ್ತಿದ. ಟರ್ಬೊ ಕಾರು ನಿಂತಲ್ಲಿ ಚೆನ್ನಾಗಿಯೇ ಓಡುತ್ತಿತ್ತು; ಏರು ಬಂದರೆ ಮಾತ್ರ ಮುಗ್ಗರಿಸುತ್ತಿತ್ತಂತೆ.

“ಬೇರೆ ಪಂಪು ಹಾಕಿ ಕೊಟ್ಟುಬಿಡೋಣ ಮಾವ,” ಎಂದಳು ಈಗ ಗ್ಯಾರೇಜು ನಡೆಸುತ್ತಿದ್ದ ಸೊಸೆ. “ಹೋದವರ ಮೇಲೆ ಪಂಚಾಯ್ತಿ ಯಾಕೆ?”

“ನೋಡದೇನೇ ಬದಲಾಯಿಸಿದರೆ, ತಪ್ಪು ಅವನದೇ ಅಂತ ನಾವೇ ಒಪ್ಪಿಕೊಂಡ ಹಾಗಲ್ಲವೇನಮ್ಮ?”

“ಅವರದೇ ಆಗಿದ್ದರೆ?”

“ಆಗಿದ್ದರೆ ಗೊತ್ತಾಗಲಿ.”

ಪೆಟ್ರೋಲಿನ ಒತ್ತಡ ತೋರಿಸುವ ಮೀಟರನ್ನು ಎಂಜಿನ್ನಿನ ಕೊಳವೆಗೆ ಜೋಡಿಸಿ, ಒಳಗಿನಿಂದ ಕಾಣುವಂತೆ ಮುಂದಿನ ಗಾಜಿಗೆ ಟೇಪಿನಿಂದ ಅಂಟಿಸಿದರು. ಸೊಸೆ ಸ್ಟೀರಿಂಗ್ ಹಿಡಿದಳು.

“ಕನ್ನಡಕ ಹಾಕ್ಕೊಂಡಿದ್ದೀರಿ ತಾನೆ? ಮೊನ್ನೆ ಹತ್ತನೇ ನಂಬರ್ ಸ್ಪ್ಯಾನರ್ ಕೇಳಿದರೆ ಹದಿಮೂರು ಕೊಟ್ಟಿರಿ.”

“ನೀನು ರಸ್ತೆ ನೋಡು ತಾಯಿ.”

ಸಮತಟ್ಟಿನಲ್ಲಿ ಮೀಟರಿನ ಮುಳ್ಳು ಅಲುಗಲಿಲ್ಲ. ಏರಿನಲ್ಲಿ ಸೊಸೆ ಕಾಲು ಒತ್ತಿದಳು. ಟರ್ಬೊ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬತೊಡಗಿತು. ಆಗ ಏರಬೇಕಾದ ಮುಳ್ಳು ಜರ್ರನೆ ಇಳಿಯಿತು. ಕಾರು ಕೆಮ್ಮಿತು.

“ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ,” ಎಂದ ಮುದುಕ. “ಗಾಳಿ ಬೇಕಾದಷ್ಟಿದೆ, ಪೆಟ್ರೋಲು ಸಾಲದು.”

“ಹಾಗಾದರೆ ಪಂಪೇ.” ಸೊಸೆಯ ದನಿ ಸಣ್ಣಗಾಯಿತು.

“ಅದಕ್ಕೆ ಕರೆಂಟು ಸರಿಯಾಗಿ ಬರ್ತಿದೆಯಾ ನೋಡಬೇಕು.”

ಹಿಂದಿನ ಸೀಟು ಎತ್ತಿ, ಪಂಪಿನ ವೈರಿಗೆ ಇನ್ನೊಂದು ಮೀಟರು ಸಿಕ್ಕಿಸಿ ಮತ್ತೆ ಅದೇ ಏರಿಗೆ ಹೋದರು. ಬ್ಯಾಟರಿಯಲ್ಲಿ ಹದಿನಾಲ್ಕು ವೋಲ್ಟ್ ಇದ್ದರೂ ಪಂಪಿಗೆ ಮುಟ್ಟುತ್ತಿದ್ದುದು ಒಂಬತ್ತು. ರಸ್ತೆಬದಿಗೆ ನಿಲ್ಲಿಸಿ, ಮುದುಕ ವೈರಿನುದ್ದಕ್ಕೂ ಬೆರಳಾಡಿಸಿದ. ಒಂದು ಗಂಟು ಸಿಕ್ಕಿತು. ಟೇಪು ಬಿಚ್ಚಿದರೆ ತಾಮ್ರ ಸುಟ್ಟು ಕರಿಯಾಗಿತ್ತು. ಬೆಸುಗೆ ಇಲ್ಲ, ಎಳೆಗಳನ್ನು ಎಡಕ್ಕೆ ಹೊಸೆದು ಎರಡು ಸಲ ಮಡಚಿದ್ದು. ಗ್ಯಾರೇಜಿನಲ್ಲಿ ಹಾಗೆ ಹೊಸೆಯುತ್ತಿದ್ದವನು ಮುದುಕನೊಬ್ಬನೇ.

“ಅವರು ಹೊಸ ವೈರು ತರಿಸಿದ್ದರು,” ಎಂದಳು ಸೊಸೆ ಮೆಲ್ಲಗೆ. “ಜ್ವರ ಬಂದು ಮನೆಗೆ ಬಂದರಲ್ಲ, ಆ ದಿನ.”

“ಹೂಂ. ಹಳೇದೇ ಗಟ್ಟಿಯಾಗಿದೆ, ನಾನು ಸೇರಿಸ್ತೀನಿ, ನೀನು ಹೋಗಿ ಮಲಗು ಅಂದೆ.”

ಅವನು ಸೀಟಿಗೆ ಒರಗಿ ಕಣ್ಣು ಮುಚ್ಚಿದ. ದೇವರೇ, ಅವನ ಮೇಲೆ ಹೊರಿಸದೆ ಇದನ್ನು ನನ್ನ ತಲೆಗೇ ಹಾಕಿದೆಯಲ್ಲ, ನಿನ್ನ ದಯೆ, ಎಂದುಕೊಂಡ. ಅಳು ಬರಲಿಲ್ಲ. ಬೆನ್ನು ಮಾತ್ರ ನೋಯುತ್ತಿತ್ತು.

ಹೊಸ ವೈರು ಹಾಕಿದ ಮೇಲೆ ಮುಳ್ಳು ಏರಿನಲ್ಲೂ ಇಳಿಯಲಿಲ್ಲ. ಸಂಜೆ ಮೇಷ್ಟ್ರು ಕಾರು ಒಯ್ಯಲು ಬಂದಾಗ ಮುದುಕ ಸುಟ್ಟ ಗಂಟನ್ನು ಅವರ ಅಂಗೈಯಲ್ಲಿಟ್ಟ.

“ಮಗ ಹಾಕಿದ ಪಂಪು ಚೆನ್ನಾಗಿದೆ ಮೇಷ್ಟ್ರೆ. ಕೆಡಿಸಿದ್ದು ನಾನು.”

“ಹೋಗಲಿ ಬಿಡಿ, ವಯಸ್ಸಾಯ್ತು ನಿಮಗೆ.”

“ವಯಸ್ಸಲ್ಲ, ಸೋಮಾರಿತನ. ನಾಲ್ಕು ಜನರ ಹತ್ತಿರ ಹಾಗಂತಲೇ ಹೇಳಿ.”